ಕೈಗುಣ

ಹಲ್ಲು ನೋಯುವವನು ದಂತವೈದ್ಯರಲ್ಲಿಗೆ ಹೋಗುತ್ತಾನೆ. ಕಣ್ಣು ನೋಯುವವನು ಕಣ್ಣಿನ ವೈದ್ಯರಲ್ಲಿಗೆ. ಬೆನ್ನು ಹಿಡಿದುಕೊಂಡವನಿಗೆ ಮಾತ್ರ ಊರಿನವರೆಲ್ಲರೂ ವೈದ್ಯರೇ. ಎದುರುಮನೆಯ ಅಜ್ಜಿ ಹರಳೆಣ್ಣೆ ಕಾಯಿಸಿ ಹಚ್ಚು ಎನ್ನುತ್ತಾರೆ. ಕಚೇರಿಯ ಜೊತೆಗಾರರು ಬಿಸಿ ಇಟ್ಟಿಗೆಯ ಶಾಖ ಕೊಟ್ಟುಕೊಳ್ಳಿ ಎನ್ನುತ್ತಾರೆ. ಕಾಲು ಮುಂದಾಗಿ ಹುಟ್ಟಿದವರಿಂದ ಮೂರು ಸಲ ಒದೆಸಿಕೊಂಡರೆ ಉಳುಕು ಮಾಯವಾಗುವುದೆಂದು ಮತ್ತೊಬ್ಬರು ಆಣೆಯಿಟ್ಟು ಹೇಳುತ್ತಾರೆ. ಕ್ಷೌರದಂಗಡಿಯಲ್ಲಿ ಕೂದಲು ಕತ್ತರಿಸಿಯಾದ ಬಳಿಕ, ತಲೆಯನ್ನು ಎರಡು ಕೈಗಳಿಂದ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಲಟಕ್ಕನೆ ತಿರುಗಿಸುವ ಸೇವೆಯಂತೂ ಎಷ್ಟೋ ಕಡೆ ಕೇಳದೆಯೇ ದೊರೆಯುತ್ತದೆ. ಸಲಹೆಗಳು ಬೇರೆ ಬೇರೆಯಾದರೂ ಎಲ್ಲದರ ಹಿಂದೆ ಒಂದೇ ನಂಬಿಕೆಯಿದೆ: ಬೆನ್ನುನೋವಿಗೆ ಬೇಕಾದುದು ಮತ್ತೊಬ್ಬ ಮನುಷ್ಯನ ಕೈ, ಅದು ಸಿಕ್ಕದಿದ್ದರೆ ಕಾಲು!

ಡಾಕ್ಟರರ ವಿಷಯದಲ್ಲಿ ನಮ್ಮ ಜನ ಆಡುವ ಮಾತೊಂದುಂಟು: "ಅವರ ಕೈಗುಣ ಒಳ್ಳೆಯದು." ಔಷಧದ ಗುಣವಲ್ಲ, ಓದಿನ ಗುಣವಲ್ಲ, ಕೈಯ ಗುಣ. ಈ ಕೈಗುಣವನ್ನೇ ಬಂಡವಾಳವಾಗಿಟ್ಟುಕೊಂಡು, ಅದಕ್ಕೊಂದು ಶಾಸ್ತ್ರವನ್ನೂ ಶಾಲೆಯನ್ನೂ ಕಟ್ಟಿದ ವೈದ್ಯಪದ್ಧತಿಯೊಂದು ಪಶ್ಚಿಮ ದೇಶಗಳಲ್ಲಿದೆ. ಅದರ ಹೆಸರು ಆಸ್ಟಿಯೋಪತಿ. ಕತ್ತು, ಬೆನ್ನು, ಸೊಂಟಗಳ ನೋವಿಗೂ, ನರವನ್ನು ಹಿಡಿದು ಕೈಕಾಲುಗಳಿಗೆ ಇಳಿಯುವ ನೋವಿಗೂ ಅಲ್ಲಿನ ಜನ ತಟ್ಟುವ ಬಾಗಿಲುಗಳಲ್ಲಿ ಅದೂ ಒಂದು. ಈ ವಾರ ಅದರ ವಿಚಾರವನ್ನೇ ಬರೆಯಲು ಕಾರಣವುಂಟು.

ಲಂಡನ್ನಿನಿಂದ ಬಂದ ದೂರು

ನನ್ನ ಬಾಲ್ಯದ ಗೆಳೆಯನೊಬ್ಬನು ಬಹುಕಾಲದಿಂದ ಲಂಡನ್ನಿನಲ್ಲಿ ನೆಲಸಿದ್ದಾನೆ. ಲೆಕ್ಕಪತ್ರಗಳ ಉದ್ಯೋಗ, ದಿನವೆಲ್ಲ ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲದಲ್ಲಿ ಅವನಿಗೆ ಬೆನ್ನುನೋವು ಕಾಣಿಸಿಕೊಂಡಿತು. ಭುಜಗಳ ನಡುವೆ, ಸ್ವಲ್ಪ ಕೆಳಗೆ, ಬೆರಳಿಟ್ಟು ತೋರಿಸಬಹುದಾದಂಥ ನೋವು. ಮೂರು ತಿಂಗಳು ಅವನು ಅದನ್ನು ಕುರ್ಚಿಯ ಖಾತೆಗೇ ಬರೆದ. ಆಮೇಲೆ ಯಾರೋ ಹೇಳಿದರೆಂದು ಆಸ್ಟಿಯೋಪತಿ ಚಿಕಿತ್ಸಕರೊಬ್ಬರಲ್ಲಿಗೆ ಹೋದ. ಅಂದು ರಾತ್ರಿಯೇ ಅವನು ನನಗೆ ಫೋನು ಮಾಡಿದ. ಧ್ವನಿಯಲ್ಲಿ ನೋವಿಗಿಂತ ಸಿಟ್ಟೇ ಹೆಚ್ಚಾಗಿತ್ತು.

"ನೋಡಯ್ಯ, ನಾನು ದುಡ್ಡು ತೆತ್ತು ಹೋದದ್ದು ಬೆನ್ನು ಒತ್ತಿಸಿಕೊಳ್ಳುವುದಕ್ಕೆ. ಆ ಮಹಾನುಭಾವ ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದ. ಸಂಜೆ ಮೈ ಬಿಸಿಯಾಗುತ್ತದೆಯೇ? ರಾತ್ರಿ ಬೆವರುತ್ತೀರಾ? ಮಲಗಿದಾಗಲೂ ನೋವಿರುತ್ತದೆಯೇ? ತೂಕ ಇಳಿದಿದೆಯೇ? ಮೂತ್ರಕ್ಕೆ ಹೋಗಲು ತೊಂದರೆಯುಂಟೇ? ಬೆನ್ನಿಗೂ ಇದಕ್ಕೂ ಏನು ಸಂಬಂಧ ಹೇಳು! ಕೊನೆಗೆ ಬೆನ್ನಿನ ಮೂಳೆಗಳನ್ನು ಒಂದೊಂದಾಗಿ ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಬಂದ. ಒಂದು ಕಡೆ 'ಹಾ' ಎಂದೆ. ಅಷ್ಟೇ, ಕೈ ತೆಗೆದುಬಿಟ್ಟ. 'ಈ ದಿನ ನಾನು ನಿಮ್ಮ ಬೆನ್ನನ್ನು ಒತ್ತುವುದಿಲ್ಲ' ಎಂದು ಹೇಳಿ, ನನ್ನ ಡಾಕ್ಟರಿಗೆ ಒಂದು ಕಾಗದ ಬರೆದುಕೊಟ್ಟು ಕಳುಹಿಸಿದ. ನಮ್ಮೂರಿನಲ್ಲಿ ಉಳುಕು ತೆಗೆಯುತ್ತಿದ್ದ ಮುದುಕಮ್ಮನಾಗಿದ್ದರೆ ಎರಡು ನಿಮಿಷದಲ್ಲಿ ಲಟಕ್ಕೆನ್ನಿಸಿ ಮನೆಗೆ ಅಟ್ಟುತ್ತಿದ್ದಳು!"

ನಾನೂ ಅವನೊಡನೆ ನಕ್ಕುಬಿಟ್ಟೆ. ಆ ಕಾಗದದಿಂದ ಮುಂದೇನಾಯಿತೆಂಬುದನ್ನು ಹೇಳುವ ಮೊದಲು, ಹಾಗೆ ಹಿಂದೆ ಸರಿದ ಆ ಕೈಯ ಪೂರ್ವಚರಿತ್ರೆಯನ್ನು ವಾಚಕರು ಸ್ವಲ್ಪ ತಿಳಿಯಬೇಕು.

ಹಗ್ಗದ ಮೇಲೆ ಮಲಗಿದ ಹುಡುಗ

ಅಮೆರಿಕದ ವರ್ಜೀನಿಯಾ ಪ್ರಾಂತದಲ್ಲಿ ೧೮೨೮ರಲ್ಲಿ ಹುಟ್ಟಿದ ಆಂಡ್ರೂ ಟೇಲರ್ ಸ್ಟಿಲ್ ಎಂಬಾತನೇ ಈ ಪದ್ಧತಿಯ ಮೂಲಪುರುಷ. ಆತನ ತಂದೆ ಧರ್ಮಬೋಧಕ, ಜೊತೆಗೆ ವೈದ್ಯ. ಹತ್ತು ವರ್ಷದ ಹುಡುಗನಾಗಿದ್ದಾಗ ನಡೆದ ಒಂದು ಸಂಗತಿಯನ್ನು ಸ್ಟಿಲ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಒಂದು ದಿನ ತಡೆಯಲಾರದ ತಲೆನೋವು. ಎರಡು ಮರಗಳ ನಡುವೆ ತಂದೆಯ ನೇಗಿಲಿನ ಹಗ್ಗದಿಂದ ಕಟ್ಟಿದ್ದ ಉಯ್ಯಾಲೆಯನ್ನು ನೆಲದಿಂದ ಗೇಣುದ್ದ ಎತ್ತರಕ್ಕೆ ಇಳಿಸಿ, ಅದರ ಮೇಲೊಂದು ಕಂಬಳಿಯ ತುದಿಯನ್ನು ಹೊದಿಸಿ, ಹಗ್ಗವನ್ನೇ ದಿಂಬಾಗಿ ಮಾಡಿಕೊಂಡು, ಅದರ ಮೇಲೆ ಕತ್ತನ್ನಿಟ್ಟು ನೆಲದ ಮೇಲೆ ಮಲಗಿದನಂತೆ. ನಿದ್ರೆ ಬಂದಿತು. ಎದ್ದಾಗ ತಲೆನೋವು ಹೋಗಿತ್ತು. ಮುಂದೆ ಎಷ್ಟೋ ವರ್ಷ ತಲೆನೋವು ಬಂದಾಗಲೆಲ್ಲ ಆತ ಆ ಹಗ್ಗವನ್ನೇ ಆಶ್ರಯಿಸಿದ.

ಹುಡುಗ ಬೆಳೆದು ತಾನೂ ವೈದ್ಯನಾದ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಪಕ್ಷದಲ್ಲಿ ಸೇವೆ ಮಾಡಿ ಮನೆಗೆ ಮರಳಿದ. ೧೮೬೪ರಲ್ಲಿ ಮೆದುಳುಪೊರೆಯ ಜ್ವರ ಆ ಮನೆಗೆ ಕಾಲಿಟ್ಟು ಮೂರು ಮಕ್ಕಳನ್ನು ಒಯ್ದಿತು. ತಾನು ಕಲಿತ ವಿದ್ಯೆಯಾಗಲಿ, ಕರೆತಂದ ವೈದ್ಯರ ಔಷಧಗಳಾಗಲಿ ಒಂದು ಮಗುವನ್ನೂ ಉಳಿಸಲಿಲ್ಲ. ಅಂದಿನ ಔಷಧಗಳೆಂದರೆ ಪಾದರಸದ ಲವಣ, ಅಫೀಮು, ಮದ್ಯ, ವಾಂತಿಕಾರಕಗಳು. ರೋಗಕ್ಕಿಂತ ಮದ್ದಿಗೇ ಹೆದರಬೇಕಾಗಿದ್ದ ಕಾಲ ಅದು. ಮಕ್ಕಳನ್ನು ಮಣ್ಣು ಮಾಡಿ ಬಂದ ತಂದೆಗೆ ಔಷಧಗಳ ಮೇಲಿನ ನಂಬಿಕೆ ಹೊರಟುಹೋಯಿತು. ಹತ್ತು ವರ್ಷ ಮೂಳೆಗಳನ್ನು ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿದ ಮೇಲೆ, ೧೮೭೪ರ ಜೂನ್ ೨೨ರಂದು ತನ್ನ ಹೊಸ ಮಾರ್ಗ ತನಗೆ ಸ್ಪಷ್ಟವಾಯಿತೆಂದು ಆತ ಹೇಳುತ್ತಿದ್ದ. ದೇಹ ತನ್ನನ್ನು ತಾನೇ ಸರಿಪಡಿಸಿಕೊಳ್ಳಬಲ್ಲುದು. ಸ್ಥಾನ ತಪ್ಪಿದ ಮೂಳೆಗಳು ರಕ್ತದ ಹರಿವನ್ನು ತಡೆದಾಗ ರೋಗ ಬರುತ್ತದೆ. ಕೈಯಿಂದ ಆ ತಡೆಯನ್ನು ತೆಗೆದರೆ ದೇಹ ಗುಣವಾಗುತ್ತದೆ—ಇದು ಅವನ ಸಿದ್ಧಾಂತ. ಗ್ರೀಕ್ ಭಾಷೆಯ ಮೂಳೆ ಮತ್ತು ವ್ಯಾಧಿ ಎಂಬೆರಡು ಪದಗಳಿಂದ ಆಸ್ಟಿಯೋಪತಿ ಎಂಬ ಹೆಸರನ್ನು ಕಟ್ಟಿದ. ೧೮೯೨ರಲ್ಲಿ ಮಿಸೌರಿ ಪ್ರಾಂತದ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಶಾಲೆ ತೆರೆದ. ಹೆಂಗಸರಿಗೆ ವೈದ್ಯವಿದ್ಯೆಯ ಬಾಗಿಲು ತೆರೆಯುವುದೇ ಅಪರೂಪವಾಗಿದ್ದ ಆ ದಿನಗಳಲ್ಲಿ ಮೊದಲ ತರಗತಿಯಲ್ಲಿಯೇ ಹೆಂಗಸರಿದ್ದರೆಂಬುದು ಅವನ ಹಿರಿಮೆ. ರೋಗಿಗಳು ರೈಲು ಹತ್ತಿ ಆ ಊರಿಗೆ ಬರತೊಡಗಿದರು. ೧೯೧೭ರಲ್ಲಿ ಆತ ತೀರಿಕೊಂಡ. ಅದೇ ವರ್ಷ ಅವನ ಶಿಷ್ಯ ಜಾನ್ ಮಾರ್ಟಿನ್ ಲಿಟಲ್‌ಜಾನ್ ಲಂಡನ್ನಿನಲ್ಲಿ ಬ್ರಿಟಿಷ್ ಆಸ್ಟಿಯೋಪತಿ ಶಾಲೆಯನ್ನು ಸ್ಥಾಪಿಸಿದ.

ಆ ಬಳಿಕ ಈ ವೃಕ್ಷದ ಎರಡು ಕೊಂಬೆಗಳು ಎರಡು ದಿಕ್ಕಿಗೆ ಬೆಳೆದವು. ಅಮೆರಿಕದಲ್ಲಿ ಆಸ್ಟಿಯೋಪತಿಯ ಕಾಲೇಜುಗಳು ಕಾಲಕ್ರಮದಲ್ಲಿ ಔಷಧವನ್ನೂ ಶಸ್ತ್ರಚಿಕಿತ್ಸೆಯನ್ನೂ ಒಪ್ಪಿಕೊಂಡವು. ಇಂದು ಅಲ್ಲಿ ಈ ಪದವಿ ಪಡೆದವರು ಬೇರೆ ಡಾಕ್ಟರರಿಗೆ ಸಮಾನರಾದ ಪೂರ್ಣ ವೈದ್ಯರು. ಅವರಲ್ಲಿ ಅನೇಕರು ಕೈಚಿಕಿತ್ಸೆಯನ್ನು ಮಾಡುವುದೇ ಅಪರೂಪ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಆಸ್ಟಿಯೋಪತಿ ಚಿಕಿತ್ಸಕರು ಔಷಧ ಬರೆಯುವ ಡಾಕ್ಟರರಲ್ಲ. ಕೈಯೇ ಅವರ ಸಾಧನ. ೧೯೯೩ರ ಶಾಸನದ ಪ್ರಕಾರ ಹೆಸರನ್ನು ನೋಂದಾಯಿಸದೆ ಯಾರೂ ಆ ಬಿರುದನ್ನು ಹಾಕಿಕೊಳ್ಳುವಂತಿಲ್ಲ. ಕೈ ಇಡುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ, ಯಾವ ರೋಗಿಯ ಮೇಲೆ ಕೈ ಇಡಬಾರದೆಂಬುದನ್ನೂ ಅಲ್ಲಿ ಕಲಿಸುತ್ತಾರೆ. ನನ್ನ ಗೆಳೆಯನಿಗೆ ಸಿಕ್ಕಿದ್ದು ಇಂಥ ಕೈ.

ಮೂಳೆಗಳ ಮಾಲೆ

ಬೆನ್ನು ಎಂಬ ಈ ಯಂತ್ರವನ್ನೂ ಸ್ವಲ್ಪ ನೋಡೋಣ. ಕತ್ತಿನಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫ ಬಿಡಿ ಮೂಳೆಗಳು. ಅವುಗಳ ಕೆಳಗೆ ಬೆಸೆದುಕೊಂಡ ತ್ರಿಕಾಸ್ಥಿ, ಬಾಲದ ಮೂಳೆ. ಬಿಡಿ ಮೂಳೆಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ; ಇವನ್ನೇ ನಾವು ಡಿಸ್ಕ್ ಎನ್ನುವುದು. ಮೂಳೆಗಳ ಹಿಂಬದಿಯ ಕೊಳವೆಯಲ್ಲಿ ಬೆನ್ನುಹುರಿ ಇಳಿದು ಬರುತ್ತದೆ. ಅದರಿಂದ ಎಡಬಲಗಳಿಗೆ ೩೧ ಜೊತೆ ನರಗಳು ಹೊರಡುತ್ತವೆ.

ನೋವು ಎಲ್ಲಿಗೆ ಇಳಿಯುತ್ತದೆ ಎಂಬುದೇ ಯಾವ ನರಕ್ಕೆ ತೊಂದರೆಯಾಗಿದೆ ಎಂಬುದರ ಸೂಚನೆ. ಕತ್ತಿನಿಂದ ಹೊರಟ ನೋವು ಅಥವಾ ಜೋಮು ಹೆಬ್ಬೆರಳಿಗೆ ಇಳಿದರೆ ಸಾಮಾನ್ಯವಾಗಿ ಕತ್ತಿನ ಆರನೆಯ ನರ, ನಡುಬೆರಳಿಗಾದರೆ ಏಳನೆಯದು, ಕಿರುಬೆರಳಿಗಾದರೆ ಎಂಟನೆಯದು. ಸೊಂಟದಿಂದ ಪೃಷ್ಠದ ಮೂಲಕ ತೊಡೆಯ ಹಿಂದೆ ಹಾದು ಕಾಲಿಗಿಳಿಯುವ ನೋವನ್ನು ನಮ್ಮ ಆಯುರ್ವೇದ ಗ್ರಂಥಗಳು ಗೃಧ್ರಸಿ ಎಂದು ಕರೆದವು; ಈಗಿನ ಡಾಕ್ಟರರು ಅದನ್ನು ಸಯಾಟಿಕಾ ಎನ್ನುತ್ತಾರೆ. ಡಿಸ್ಕ್ ಹರಿದು ಒಳಗಿನ ತಿರುಳು ಹೊರಚಾಚಿ ನರವನ್ನು ಒತ್ತುವುದರಿಂದ ಈ ನೋವು ಬರುತ್ತದೆಂಬುದನ್ನು ವೈದ್ಯಲೋಕಕ್ಕೆ ಮನಗಾಣಿಸಿದವರು ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು, ೧೯೩೪ರಲ್ಲಿ.

ಅಂದಿನಿಂದ 'ಡಿಸ್ಕ್ ಜಾರಿದೆ' ಎಂಬ ಮಾತು ಮನೆಮನೆಗೂ ಬಂದಿತು. ಜೊತೆಗೆ ಹೆದರಿಕೆಯೂ ಬಂದಿತು. ಆದರೆ ಇಲ್ಲೊಂದು ಸಮಾಧಾನದ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಡಬೇಕು. ಯಾವ ನೋವೂ ಇಲ್ಲದವರ ಬೆನ್ನಿನ ಚಿತ್ರಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ೨೦೧೫ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯ ಪ್ರಕಾರ, ಇಪ್ಪತ್ತರ ಹರೆಯದವರಲ್ಲಿಯೇ ನೂರಕ್ಕೆ ೩೭ ಮಂದಿಯ ಡಿಸ್ಕ್‌ಗಳು ಸವೆದಿದ್ದವು. ಎಂಬತ್ತರವರಲ್ಲಿ ನೂರಕ್ಕೆ ೯೬ ಮಂದಿಯವು. ಎಂದರೆ ಚಿತ್ರದಲ್ಲಿ ಕಂಡ ಸವಕಳಿಯೆಲ್ಲ ರೋಗವಲ್ಲ. ತಲೆಗೂದಲು ನರೆತಂತೆ ಅದೂ ವಯಸ್ಸಿನ ಗುರುತು. ಹೊರಚಾಚಿದ ಡಿಸ್ಕ್ ಕೂಡ ಅನೇಕರಲ್ಲಿ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಕುಗ್ಗುತ್ತದೆ. ವರದಿಯನ್ನು ಎದೆಗವಚಿಕೊಂಡು ಬದುಕೇ ಮುಗಿಯಿತೆಂದು ಹಾಸಿಗೆ ಹಿಡಿಯುವವರು ಇದನ್ನು ಎರಡು ಸಲ ಓದಲಿ.

ಲಟಕ್ಕೆಂಬ ಸದ್ದು

ಹಾಗಾದರೆ ಚಿಕಿತ್ಸಕರ ಕೈ ಮಾಡುವುದೇನನ್ನು? ಮೊದಲು ಬಿಗಿದುಕೊಂಡ ಮಾಂಸಖಂಡಗಳನ್ನು ನೀವಿ ಸಡಿಲಿಸುವುದು. ಆಮೇಲೆ ಕೀಲುಗಳನ್ನು ಮೆಲ್ಲಗೆ ಅತ್ತಿತ್ತ ಆಡಿಸುವುದು. ಕೆಲವೊಮ್ಮೆ ರೋಗಿಯೇ ಚಿಕಿತ್ಸಕರ ಕೈಗೆ ವಿರುದ್ಧವಾಗಿ ಕೆಲವು ಕ್ಷಣ ಒತ್ತಿ, ಬಿಟ್ಟು, ಆ ಸಡಿಲದಲ್ಲಿ ಕೀಲನ್ನು ಇನ್ನಷ್ಟು ಚಾಚುವುದು. ಕೊನೆಯದಾಗಿ, ಎಲ್ಲರಿಗೂ ಅಲ್ಲ, ಕೆಲವರಿಗೆ ಮಾತ್ರ, ಚುರುಕಾದ ಒಂದು ಸಣ್ಣ ತಳ್ಳು. ಲಟಕ್ಕೆಂಬ ಸದ್ದು ಬರುವುದು ಇದರಿಂದಲೇ.

ಈ ಸದ್ದಿನ ವಿಷಯದಲ್ಲಿ ನಮ್ಮಲ್ಲಿ ಭ್ರಮೆ ಬಹಳ. ಜಾರಿದ ಮೂಳೆ ಮರಳಿ ಗೂಡು ಸೇರಿದ ಸದ್ದು ಅದೆಂದು ಮುದುಕಮ್ಮನೂ ನಂಬಿದ್ದಳು, ಸ್ಟಿಲ್ ಮಹಾಶಯನ ಅನುಯಾಯಿಗಳೂ ನಂಬಿದ್ದರು. ನಿಜವೆಂದರೆ, ಕೀಲಿನೊಳಗಿನ ದ್ರವದಲ್ಲಿ ಒತ್ತಡ ತಟ್ಟನೆ ಇಳಿದಾಗ ಅನಿಲದ ಒಂದು ಪೊಳ್ಳು ಉಂಟಾಗುತ್ತದೆ, ಸದ್ದು ಅದರದು. ಕೆನಡಾದ ಸಂಶೋಧಕರು ೨೦೧೫ರಲ್ಲಿ ಬೆರಳಿನ ನೆಟಿಕೆ ಮುರಿಯುವಾಗ ಎಂ.ಆರ್.ಐ. ಯಂತ್ರದಲ್ಲಿ ಚಿತ್ರ ತೆಗೆದು ಆ ಪೊಳ್ಳನ್ನು ತೋರಿಸಿದರು. ಒಮ್ಮೆ ಮುರಿದ ನೆಟಿಕೆಯನ್ನು ಒಡನೆಯೇ ಮತ್ತೆ ಮುರಿಯಲಾಗದಿರುವುದಕ್ಕೂ ಇದೇ ಕಾರಣ. ಸದ್ದು ಬಂದರೆ ಗುಣ, ಬಾರದಿದ್ದರೆ ವ್ಯರ್ಥ ಎಂಬುದು ಸುಳ್ಳು. ಹೊರಚಾಚಿದ ಡಿಸ್ಕನ್ನು ಕೈಯಿಂದ ಒಳಕ್ಕೆ ನೂಕುತ್ತೇವೆಂಬುದೂ ಸುಳ್ಳು. ಹಾಗಿದ್ದೂ ಕೈ ಬಿದ್ದ ಮೇಲೆ ನೋವು ಇಳಿಯುವುದೇಕೆ? ಬಿಗಿತ ಸಡಿಲವಾಗುವುದರಿಂದ, ನರಗಳು ಮೆದುಳಿಗೆ ಒಯ್ಯುವ ನೋವಿನ ಸುದ್ದಿ ಕೆಲಕಾಲ ಮಂದವಾಗುವುದರಿಂದ, ಭಯ ಕಡಮೆಯಾಗಿ ಮನುಷ್ಯ ಮತ್ತೆ ಮೈ ಆಡಿಸುವ ಧೈರ್ಯ ಮಾಡುವುದರಿಂದ ಎಂದು ಇಂದಿನ ವಿದ್ವಾಂಸರು ಹೇಳುತ್ತಾರೆ. ಸ್ಟಿಲ್ಲನ ವಿವರಣೆ ತಪ್ಪಾಗಿತ್ತು. ಆದರೂ ಅವನ ಕೈಯಿಂದ ಕೆಲವರಿಗೆ ಸುಖ ಸಿಕ್ಕಿದ್ದು ನಿಜ.

ತಕ್ಕಡಿಯಲ್ಲಿ ಕೈಗುಣ

ಎಷ್ಟು ಸುಖ? ಇದನ್ನು ತೂಗಿ ನೋಡಿದವರುಂಟು. ಅಮೆರಿಕದಲ್ಲಿ ಸೊಂಟನೋವಿನ ೧೫೫ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲು ವೈದ್ಯವನ್ನೂ, ಇನ್ನೊಂದಕ್ಕೆ ಆಸ್ಟಿಯೋಪತಿಯ ಕೈಚಿಕಿತ್ಸೆಯನ್ನೂ ಕೊಟ್ಟು ನೋಡಿದ ಪರೀಕ್ಷೆಯ ಫಲ ೧೯೯೯ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರಗಳ ಬಳಿಕ ಎರಡು ಗುಂಪುಗಳೂ ಸರಿಸುಮಾರಾಗಿ ಒಂದೇ ಸಮನೆ ಸುಧಾರಿಸಿದ್ದವು; ಆದರೆ ಕೈಚಿಕಿತ್ಸೆ ಪಡೆದವರು ನುಂಗಿದ ಔಷಧ ಕಡಮೆ. ಬ್ರಿಟನ್ನಿನಲ್ಲಿ ೧೩೩೪ ಮಂದಿಯ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲ ೨೦೦೪ರಲ್ಲಿ ಹೊರಬಂದಿತು. ಬೆನ್ನಿನ ಕೈಚಿಕಿತ್ಸೆಯಿಂದ ಮೂರು ತಿಂಗಳಿಗೆ ಅಲ್ಪದಿಂದ ಮಧ್ಯಮ ಪ್ರಮಾಣದ ಲಾಭ, ವರ್ಷದ ಕೊನೆಗೆ ಅಲ್ಪ ಲಾಭ ಎಂದು ಅದು ಹೇಳಿತು. ೨೦೨೧ರಲ್ಲಿ ಫ್ರಾನ್ಸಿನವರು ಇನ್ನೂ ಕಟ್ಟುನಿಟ್ಟಾಗಿ ನೋಡಿದರು. ೪೦೦ ಮಂದಿಯಲ್ಲಿ ಅರ್ಧ ಜನರಿಗೆ ನಿಜವಾದ ಆಸ್ಟಿಯೋಪತಿ, ಉಳಿದ ಅರ್ಧಕ್ಕೆ ಹಾಗೆಯೇ ಕಾಣುವ ತೋರಿಕೆಯ ಸ್ಪರ್ಶ. ನಿಜವಾದುದು ಗೆದ್ದಿತು, ಆದರೆ ರೋಗಿಯ ಅರಿವಿಗೆ ಬರುವುದೇ ಸಂಶಯವೆನ್ನುವಷ್ಟು ಸಣ್ಣ ಅಂತರದಿಂದ.

ಪವಾಡವಿಲ್ಲ, ಆದರೆ ಶೂನ್ಯವೂ ಅಲ್ಲ. ಬ್ರಿಟನ್ನಿನ ಸರ್ಕಾರಿ ಮಾರ್ಗದರ್ಶಿ ೨೦೧೬ರಲ್ಲಿ ಇದಕ್ಕೆ ಸರಿಯಾದ ಸ್ಥಾನವನ್ನು ಕೊಟ್ಟಿತು: ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೆ ಕೊಡಬಹುದು, ಅದೊಂದನ್ನೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ದೀರ್ಘಕಾಲದ ಸೊಂಟನೋವಿನ ಬಗೆಗೆ ಸಲಹೆ ನೀಡಿದಾಗ ವ್ಯಾಯಾಮ, ತಿಳಿವಳಿಕೆ ಇವುಗಳ ಸಾಲಿನಲ್ಲಿ ಬೆನ್ನಿನ ಕೈಚಿಕಿತ್ಸೆಗೂ ಒಂದು ಜಾಗ ಕೊಟ್ಟಿತು. ಸೊಂಟಪಟ್ಟಿಯನ್ನೂ, ಜಗ್ಗುವ ಚಿಕಿತ್ಸೆಯನ್ನೂ, ಅಫೀಮಿನ ಕುಲದ ಔಷಧಗಳನ್ನೂ ಬೇಡವೆಂದಿತು. ೨೦೨೦ರಲ್ಲಿ ಜಗತ್ತಿನಲ್ಲಿ ಸೊಂಟನೋವಿನಿಂದ ನರಳುತ್ತಿದ್ದವರು ಸುಮಾರು ೬೧ ಕೋಟಿ ೯೦ ಲಕ್ಷ ಎಂದು ಅಂದಾಜು. ಅವರಲ್ಲಿ ಬಹುಪಾಲು ಜನರಿಗೆ ಇಂಥದೇ ರೋಗವೆಂದು ಬೆರಳು ತೋರಿಸಬಹುದಾದ ಕಾರಣ ಸಿಕ್ಕುವುದಿಲ್ಲ. ಸುಖವಾಗಿ ಸೇರಿಬಂದರೆ ಕೆಲವು ವಾರಗಳಲ್ಲಿ ನೋವು ತಗ್ಗುತ್ತದೆ. ಇವರಿಗೆ ಒಳ್ಳೆಯ ಕೈ ಊರುಗೋಲಿದ್ದಂತೆ, ನಡೆಯಬೇಕಾದವನು ರೋಗಿಯೇ.

ನಡೆಯುವುದೆಂದರೆ ನಿಜವಾಗಿಯೂ ನಡೆಯುವುದೇ. ಸೊಂಟ ಹಿಡಿದವನು ವಾರಗಟ್ಟಲೆ ಹಲಗೆಯ ಮೇಲೆ ಮಲಗಬೇಕೆಂದು ನಮ್ಮ ಹಿರಿಯರ ಕಾಲದಲ್ಲಿ ಡಾಕ್ಟರರೇ ಹೇಳುತ್ತಿದ್ದರು. ಫಿನ್‌ಲೆಂಡಿನ ಹೆಲ್ಸಿಂಕಿ ನಗರಾಡಳಿತದ ೧೮೬ ನೌಕರರ ಮೇಲೆ ನಡೆಸಿ ೧೯೯೫ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಎರಡು ದಿನ ಮಲಗಿದವರಿಗಿಂತ, ಬೆನ್ನಿನ ವ್ಯಾಯಾಮವನ್ನು ಮಾಡಿದವರಿಗಿಂತ, ನೋವು ಸಹಿಸುವಷ್ಟು ಮಟ್ಟಿಗೆ ದಿನದ ಕೆಲಸಗಳನ್ನು ಮುಂದುವರಿಸಿದವರೇ ಬೇಗ ಚೇತರಿಸಿಕೊಂಡರು. ನೋವಿನ ಮೊದಲ ದಿನಗಳಲ್ಲಿ ಮನೆಯ ಕೆಲಸ, ಅಂಗಳದ ಓಡಾಟ, ಹಿತವಾದ ಶಾಖ; ನೋವು ತಗ್ಗಿದ ಮೇಲೆ ಕ್ರಮವಾದ ವ್ಯಾಯಾಮ. ಅಜ್ಜಿಯ ಹರಳೆಣ್ಣೆಗೆ ನನ್ನ ಆಕ್ಷೇಪಣೆಯೇನೂ ಇಲ್ಲ.

ಕೈ ತೆಗೆಯಬೇಕಾದಾಗ

ಇನ್ನು ನನ್ನ ಗೆಳೆಯನ ಕಾಗದದ ವಿಚಾರ. ಅದನ್ನು ಓದಿದ ಡಾಕ್ಟರರು ಮರುದಿನವೇ ರಕ್ತಪರೀಕ್ಷೆಗೆ ಬರೆದರು. ವಾರ ಕಳೆಯುವುದರೊಳಗೆ ಬೆನ್ನಿನ ಎಂ.ಆರ್.ಐ. ಆಯಿತು. ಎದೆಯ ಹಿಂದಿನ ಎರಡು ಬೆನ್ನುಮೂಳೆಗಳು ಒಳಗಿನಿಂದ ತಿಂದುಹೋಗಿದ್ದವು. ಅವುಗಳ ಪಕ್ಕದಲ್ಲಿ ಕೀವಿನ ಚೀಲವೊಂದು ಬೆಳೆದು ಬೆನ್ನುಹುರಿಯತ್ತ ಸರಿಯುತ್ತಿತ್ತು. ಸೂಜಿಯಿಂದ ತೆಗೆದು ಪರೀಕ್ಷಿಸಿದಾಗ ತಿಳಿದುಬಂದದ್ದು ಕ್ಷಯ.

ಬೆನ್ನುಮೂಳೆಯ ಕ್ಷಯ ಹೊಸ ರೋಗವಲ್ಲ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ೧೭೭೯ರಲ್ಲಿಯೇ, ಬೆನ್ನು ಗೂನಾಗಿ ಕಾಲುಗಳ ಶಕ್ತಿ ಉಡುಗುವ ಈ ವ್ಯಾಧಿಯನ್ನು ವರ್ಣಿಸಿದ್ದ. ಇಂದಿಗೂ ಅದು ಅವನ ಹೆಸರನ್ನೇ ಹೊತ್ತಿದೆ. ಕೆಮ್ಮು, ಕಫಗಳಿಲ್ಲದೆಯೂ ಅದು ಬರಬಹುದು. ಬಾಲ್ಯದಲ್ಲಿ ಮೈ ಹೊಕ್ಕ ಕ್ರಿಮಿ ಹತ್ತಾರು ವರ್ಷ ನಿದ್ರಿಸಿ, ದೂರದೇಶದಲ್ಲಿ ಎಚ್ಚರಗೊಳ್ಳಬಹುದು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದವರು. ಆದುದರಿಂದ ಈ ಮಾತು ಲಂಡನ್ನಿನ ಗೆಳೆಯನಿಗಿಂತ ಇಲ್ಲಿರುವ ನಮಗೇ ಹೆಚ್ಚು ಸಂಬಂಧಿಸಿದ್ದು.

"ಅಂದು ಅವನು ಒತ್ತಿದ್ದರೆ?" ಎಂದು ಗೆಳೆಯ ಆಸ್ಪತ್ರೆಯಲ್ಲಿ ಕೇಳಿದನಂತೆ. ಗೆದ್ದಲು ತಿಂದ ತೊಲೆಯ ಮೇಲೆ ಭಾರ ಹಾಕಿದರೆ ಏನಾದೀತೋ ಅದು ಆಗಬಹುದಾಗಿತ್ತು. ಮೂಳೆ ಕುಸಿದು ಬೆನ್ನುಹುರಿಯನ್ನು ಅದುಮಿದ್ದರೆ ಎರಡು ಕಾಲುಗಳೂ ಹೋಗಬಹುದಾಗಿತ್ತು. ಸಂಜೆಯ ಜ್ವರವನ್ನು ಅವನು ದಣಿವೆಂದುಕೊಂಡಿದ್ದ. ಸಡಿಲವಾದ ಸೊಂಟದ ಬೆಲ್ಟನ್ನು ಪಥ್ಯದ ಫಲವೆಂದು ಬೀಗಿದ್ದ. ಇವನ್ನು ಕೇಳಿ ತಿಳಿದುಕೊಳ್ಳುವ ವ್ಯವಧಾನ ಒಬ್ಬನಿಗಿತ್ತು. ಅರ್ಧ ಗಂಟೆಯ ಪ್ರಶ್ನೆಗಳೇ ಆ ದಿನದ ಚಿಕಿತ್ಸೆ.

ಆದುದರಿಂದ ವಾಚಕರು ಈ ಕೆಲವು ಸೂಚನೆಗಳನ್ನು ನೆನಪಿಡಬೇಕು. ಬೆನ್ನುನೋವಿನ ಜೊತೆಗೆ ಜ್ವರ, ರಾತ್ರಿಯ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು. ಮಲಗಿದರೂ ಬಿಡದ ರಾತ್ರಿಯ ನೋವು. ಹಿಂದೆ ಎಂದಾದರೂ ಅರ್ಬುದರೋಗ ಬಂದಿದ್ದವರಲ್ಲಿ ಹೊಸದಾಗಿ ಹುಟ್ಟಿದ ನೋವು. ವಯಸ್ಸಾದವರಲ್ಲಿ, ಅದರಲ್ಲಿಯೂ ಬಹುಕಾಲ ಸ್ಟಿರಾಯ್ಡ್ ಔಷಧ ತೆಗೆದುಕೊಂಡವರಲ್ಲಿ, ಬಿದ್ದ ಮೇಲೆ ಬಂದ ನೋವು—ಇವುಗಳಲ್ಲಿ ಯಾವುದಿದ್ದರೂ ಮೊದಲು ಡಾಕ್ಟರು, ಆಮೇಲೆ ಉಳಿದವರು. ತೊಡೆಗಳ ಸಂದಿಯಲ್ಲಿ, ಕುದುರೆಯ ಜೀನು ತಾಕುವ ಜಾಗದಲ್ಲಿ, ಸ್ಪರ್ಶ ತಿಳಿಯದಂತಾಗುವುದು. ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು. ಮಲದ ಹಿಡಿತ ತಪ್ಪುವುದು. ಪಾದ ಎತ್ತಲಾಗದೆ ಚಪ್ಪಲಿ ಜಾರಿ ಬೀಳುವುದು. ಎರಡು ಕಾಲುಗಳಲ್ಲಿಯೂ ಬಲ ಕುಂದುವುದು—ಇವುಗಳಿಗೆ ನಾಳೆಯೆಂಬುದಿಲ್ಲ. ಆ ಗಳಿಗೆಯೇ ಆಸ್ಪತ್ರೆ. ತಡವಾದರೆ ನರ ಮತ್ತೆ ಚೇತರಿಸಿಕೊಳ್ಳದೆ ಹೋಗಬಹುದು.

ಕತ್ತಿಗೆ ಸಂಬಂಧಿಸಿದ ಎಚ್ಚರಿಕೆ ಬೇರೆಯೇ ಉಂಟು. ಮೆದುಳಿಗೆ ರಕ್ತ ಒಯ್ಯುವ ಎರಡು ಧಮನಿಗಳು ಕತ್ತಿನ ಮೂಳೆಗಳ ರಂಧ್ರಗಳ ಮೂಲಕವೇ ಮೇಲೇರುತ್ತವೆ. ಕತ್ತನ್ನು ಜೋರಾಗಿ ತಿರುಚಿದಾಗ, ಅಪರೂಪವಾಗಿ, ಧಮನಿಯ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದ ಪ್ರಸಂಗಗಳುಂಟು. ಅಪರೂಪವೆಂದು ನಿರ್ಲಕ್ಷಿಸುವಂಥದಲ್ಲ, ಏಕೆಂದರೆ ತಿರುಚಿಸಿಕೊಳ್ಳುವುದರಿಂದ ಬರುವ ಲಾಭ ಒಂದು ಕ್ಷಣದ ಹಿತ. ಆದುದರಿಂದ ಕ್ಷೌರದಂಗಡಿಯ ಆ ಕೊನೆಯ ಉಪಚಾರಕ್ಕೆ "ಬೇಡಪ್ಪ" ಎಂದು ಮೊದಲೇ ಹೇಳಿಬಿಡುವುದು ಲೇಸು. ಎಂದೂ ಇಲ್ಲದಂಥ ಕತ್ತುನೋವಿನೊಡನೆ ತಲೆತಿರುಗು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು ಇದ್ದರೆ ಯಾರ ಕೈಯೂ ಕತ್ತನ್ನು ಮುಟ್ಟಕೂಡದು, ಆಸ್ಪತ್ರೆಗೆ ಧಾವಿಸಬೇಕು.

ಯಾರ ಕೈಗೆ ಬೆನ್ನು ಕೊಡಬೇಕು? ಈ ಬಗೆಯ ಕೈಚಿಕಿತ್ಸೆಯನ್ನು ನಮ್ಮಲ್ಲಿ ತರಬೇತಾದ ಅನೇಕ ಫಿಜಿಯೋಥೆರಪಿಸ್ಟರು ಮಾಡುತ್ತಾರೆ. ಹಲಗೆಯ ಮೇಲೆ ಯಾವ ಬಿರುದಿದ್ದರೂ, ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ ಎಂದು ಕೇಳಲು ಸಂಕೋಚಪಡಬೇಡಿ. ನಿಮ್ಮ ಮಾತನ್ನು ಪೂರ್ತಿ ಕೇಳುವ ಮೊದಲೇ ಬೆನ್ನಿಗೆ ಕೈ ಹಾಕುವವರು, ಸದ್ದು ಬರಿಸುವುದನ್ನೇ ವಿದ್ಯೆಯೆಂದು ಮೆರೆಸುವವರು, ಇಪ್ಪತ್ತು ಸಲ ಬರಬೇಕೆಂದು ಮೊದಲ ದಿನವೇ ಹಣ ಕಟ್ಟಿಸಿಕೊಳ್ಳುವವರು, ಬೆನ್ನು ನೀವುತ್ತ ಮಧುಮೇಹವನ್ನೂ ಉಬ್ಬಸವನ್ನೂ ಗುಣಪಡಿಸುತ್ತೇನೆನ್ನುವವರು—ಇವರಿಂದ ದೂರವಿರಿ. ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನು ಕಲಿಸಿ, ಬರಬರುತ್ತ ತಮ್ಮ ಅಗತ್ಯವೇ ಇಲ್ಲದಂತೆ ಮಾಡುವವರನ್ನು ನಂಬಿ.

ಗೆಳೆಯ ತಿಂಗಳುಗಟ್ಟಲೆ ಮಾತ್ರೆ ನುಂಗಿದ. ಶಸ್ತ್ರಚಿಕಿತ್ಸೆಯ ಪ್ರಮೇಯ ಬರಲಿಲ್ಲ. ನಮ್ಮ ದೇಶದಲ್ಲಿಯೂ ಕ್ಷಯದ ಔಷಧಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿಯೇ ದೊರೆಯುತ್ತವೆ; ವೈದ್ಯರು ಹೇಳಿದ ಕೊನೆಯ ದಿನದವರೆಗೂ ಅವನ್ನು ಬಿಡದೆ ನುಂಗಬೇಕು, ಅಷ್ಟೇ. ಕಳೆದ ಬೇಸಗೆಯಲ್ಲಿ ಅವನು ಊರಿಗೆ ಬಂದಿದ್ದಾಗ ನಾವಿಬ್ಬರೂ ಕೆರೆಯ ಏರಿಯ ಮೇಲೆ ಎರಡು ಮೈಲಿ ನಡೆದೆವು. ನಾನೇ ಮೊದಲು ದಣಿದು ಕುಳಿತೆ. ಅವನು ಪಕ್ಕದಲ್ಲಿ ನಿಂತು, ಔಷಧವೆಲ್ಲ ಮುಗಿದು ಡಾಕ್ಟರರು ಒಪ್ಪಿದ ಮೇಲೆ ಮತ್ತೆ ಅದೇ ಚಿಕಿತ್ಸಕರಲ್ಲಿಗೆ ಹೋಗಿದ್ದೆನೆಂದು ಹೇಳಿದ.

"ಈ ಸಲವಾದರೂ ಬೆನ್ನು ಮುಟ್ಟಿದರೇನಯ್ಯ?" ಎಂದು ಕೇಳಿದೆ.

"ಮುಟ್ಟಿದರು. ಭುಜ, ಪಕ್ಕೆಗಳ ಬಿಗಿತವನ್ನೆಲ್ಲ ನೀವಿ ಸಡಿಲಿಸಿದರು. ನಾಲ್ಕು ವ್ಯಾಯಾಮ ಕಲಿಸಿದರು. ಹಿತವಾಗಿತ್ತು ಕಣಯ್ಯ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ: "ಆದರೆ ನನ್ನ ಕಾಲು ಉಳಿದದ್ದು ಅವರು ಮುಟ್ಟದಿದ್ದ ದಿನ."

ಅಂದು ಫೋನಿನಲ್ಲಿ 'ಅವನು' ಆಗಿದ್ದಾತ ಇಂದು 'ಅವರು' ಆಗಿದ್ದನ್ನು ನಾನು ಗಮನಿಸಿದೆ. ಕೈಗುಣವೆಂದರೆ ಇದೇ ಇರಬೇಕು.